ದುರ್ಬೀನಿಗೆ ಬಿಸಿಲುಮರೆ ಬೇಕೆ?

ಕೋವಿಯ ಮೇಲೆ ಕೂರಿಸುವ ದೂರದರ್ಶಕದ ತುದಿಗೆ ಕರಿಯ ಕೊಳವೆಯೊಂದನ್ನು ತೊಡಿಸುವ ರೂಢಿ ಪ್ರಪಂಚದ ಹಲವು ಕಡೆ ಉಂಟು. ಮುಂದಿನ ಮಸೂರದ ಮೇಲೆ ಬಿಸಿಲು ಬೀಳದಂತೆ ಮಾಡುವುದೇ ಅದರ ಕೆಲಸ. ಅದನ್ನು ನಾವು ಇಲ್ಲಿ ಬಿಸಿಲುಮರೆ ಎಂದು ಕರೆಯೋಣ. ಛಾಯಾಚಿತ್ರಗಾರರು ಇದನ್ನೇ ಲೆನ್ಸ್ ಹುಡ್ ಎನ್ನುತ್ತಾರೆ. ಈ ಕೊಳವೆ ನಿಜವಾಗಿ ಉಪಯುಕ್ತವೆ, ಇಲ್ಲವೆ ಬರಿಯ ಅಲಂಕಾರವೆ ಎಂಬ ವಿಷಯದಲ್ಲಿ ಗುರಿಗಾರರೊಳಗೆ ಒಮ್ಮತವಿಲ್ಲ. ಉದ್ದ ಹೆಚ್ಚುತ್ತದೆ, ಪೊದೆಗೆ ತಗಲುತ್ತದೆ, ಗಾಳಿಗೆ ಅಲುಗುತ್ತದೆ, ಈಗಿನ ಮಸೂರಗಳಿಗೆ ಒಳ್ಳೆಯ ಲೇಪವಿರುವಾಗ ಇದೇಕೆ ಎಂದು ಒಂದು ಪಕ್ಷದ ವಾದ. ಬಿಸಿಲಿಗೆ ಎದುರಾಗಿ ನಿಂತು ಒಮ್ಮೆ ನೋಡಿದವರು ಇದನ್ನು ಬಿಡಲಾರರು ಎಂದು ಇನ್ನೊಂದು ಪಕ್ಷದ ಉತ್ತರ.

ನಮ್ಮ ವಿದ್ಯಾರ್ಥಿಗಳಿಗೆ ಈ ಚರ್ಚೆಯಿಂದ ಆಗಬೇಕಾದ್ದೇನು ಎಂದು ಯಾರಾದರೂ ಕೇಳಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವ ಕಾಲ ಮುಗಿಯಿತು. ಒಲಿಂಪಿಕ್ ಪಂದ್ಯಗಳ ರೈಫಲ್ ಸ್ಪರ್ಧೆಯಲ್ಲಿಯೂ ಕೋವಿಗೆ ದೂರದರ್ಶಕವನ್ನು ಜೋಡಿಸುವಂತಿಲ್ಲ. ಆದರೆ ಕೋವಿಯನ್ನು ಬದಿಗಿಟ್ಟರೂ ಅದರ ಮೇಲಿನ ಗಾಜು ಉಳಿಯುತ್ತದೆ. ಹಕ್ಕಿ ನೋಡುವ ಜೋಡಿ ದುರ್ಬೀನು, ಮುಕ್ಕಾಲಿಯ ಮೇಲೆ ನಿಲ್ಲಿಸುವ ದೂರದರ್ಶಕ, ಕ್ಯಾಮೆರಾ, ಭೂಮಾಪಕರ ಉಪಕರಣ, ಶಾಲೆಯ ಆಕಾಶವೀಕ್ಷಣೆಯ ನಳಿಗೆ - ಇವೆಲ್ಲವೂ ಒಂದೇ ಕುಲದವು. ಕೋವಿಯ ದೂರದರ್ಶಕವನ್ನು ಕಾಡುವ ಬಿಸಿಲು ಇವನ್ನೂ ಅಷ್ಟೇ ಕಾಡುತ್ತದೆ. ಆದ್ದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಶ್ರೀರಂಗಪಟ್ಟಣದ ಬಳಿ 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟು ಇದೆ. 2022ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೂ ಸೇರಿತು. ಪಾಂಡವಪುರ ತಾಲ್ಲೂಕಿನಲ್ಲಿ ಕುಂತಿಬೆಟ್ಟ, ತೊಣ್ಣೂರು ಕೆರೆ, ಮೇಲುಕೋಟೆಯ ಬೆಟ್ಟಗಳಿವೆ. ಕೃಷ್ಣರಾಜಪೇಟೆಯ ಕಡೆ ಹೇಮಾವತಿಯ ನೀರು ಕನ್ನಂಬಾಡಿ ಕಟ್ಟೆಯ ಹಿನ್ನೀರನ್ನು ಸೇರುತ್ತದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನವಿಲುಗಳಿಗೆ ಆಶ್ರಯವಿದೆ. ಮೊದಲ ಸಲ ದುರ್ಬೀನನ್ನು ಕಣ್ಣಿಗಿಟ್ಟುಕೊಳ್ಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ಆದರೆ ಆ ಮೊದಲ ನೋಟದಲ್ಲಿ ಕಾಣುವುದು ಹಾಲಿನಂಥ ಮಬ್ಬು ಮಾತ್ರವಾದರೆ, ಆ ವಿದ್ಯಾರ್ಥಿ ಒಂದೋ ಉಪಕರಣ ಕೆಟ್ಟದ್ದೆಂದು ಬಗೆಯುತ್ತಾನೆ, ಇಲ್ಲವೆ ತನ್ನ ಕಣ್ಣೇ ಸರಿಯಿಲ್ಲವೆಂದು ಸುಮ್ಮನಾಗುತ್ತಾನೆ. ಅನೇಕ ವೇಳೆ ಎರಡೂ ತಪ್ಪು. ಕೆಟ್ಟಿರುವುದು ಉಪಕರಣವಲ್ಲ, ಕಣ್ಣೂ ಅಲ್ಲ. ಗಾಜಿನ ಮೇಲೆ ಬಿಸಿಲು ಬಿದ್ದಿದೆ, ಅಷ್ಟೆ.

ಇದು ಹೇಗೆಂದು ವಿಚಾರಿಸೋಣ. ಸಂಜೆಯ ಹೊತ್ತು ಪಶ್ಚಿಮಾಭಿಮುಖವಾಗಿ ಹೋಗುವ ಬಸ್ಸಿನ ಮುಂಗಾಜನ್ನು ಎಲ್ಲರೂ ನೋಡಿದ್ದೇವೆ. ಸಾಲುಮರಗಳ ನೆರಳಿನಲ್ಲಿ ಗಾಜು ತಿಳಿಯಾಗಿರುತ್ತದೆ, ರಸ್ತೆ ಚೆನ್ನಾಗಿ ಕಾಣುತ್ತದೆ. ನೆರಳು ಮುಗಿದು ಬಿಸಿಲು ಗಾಜಿಗೆ ತಗಲಿದ ಕ್ಷಣವೇ ಅದರ ಮೇಲಿನ ಧೂಳೆಲ್ಲ ಬೆಳಗಿ, ಎದುರಿನ ದಾರಿ ಮರೆಯಾಗುತ್ತದೆ. ಧೂಳು ಮೊದಲೂ ಇತ್ತು. ಅದನ್ನು ಬೆಳಗಿಸುವ ಬಿಸಿಲು ಇರಲಿಲ್ಲ. ದುರ್ಬೀನಿನೊಳಗೆ ನಡೆಯುವುದೂ ಇದೇ. ಸೂರ್ಯನು ನೋಟದ ವೃತ್ತದಿಂದ ಎಷ್ಟೋ ಹೊರಗಿದ್ದರೂ ಅವನ ಕಿರಣಗಳು ಓರೆಯಾಗಿ ಬಂದು ಮುಂದಿನ ಮಸೂರದ ಮೇಲೆ ಬೀಳುತ್ತವೆ. ಅವುಗಳಲ್ಲಿ ಒಂದಂಶ ಮಸೂರದ ಧೂಳಿನಿಂದ, ಒಂದಂಶ ಗಾಜಿನ ಅಂಚಿನಿಂದ, ಇನ್ನೊಂದಂಶ ಕೊಳವೆಯ ಒಳಗೋಡೆಯಿಂದ ಚೆದರಿ, ಚಿತ್ರದ ಮೇಲೆ ತೆಳುವಾದ ಬೆಳಕಿನ ಪರದೆಯಾಗಿ ಹರಡುತ್ತದೆ.

ಈ ಪರದೆ ಚಿತ್ರವನ್ನು ಅಳಿಸುವುದಿಲ್ಲ. ಬೆಳಕು ಕತ್ತಲೆಗಳ ಅಂತರವನ್ನು ತಗ್ಗಿಸುತ್ತದೆ. ಒಂದು ಸುಲಭವಾದ ಲೆಕ್ಕವನ್ನು ಮಾಡಿನೋಡಬಹುದು. ನದಿಯ ಬಂಡೆಯಿಂದ ಬರುವ ಬೆಳಕು 20 ಪಾಲು, ಅದರ ಮೇಲೆ ಮಲಗಿರುವ ಮೊಸಳೆಯಿಂದ ಬರುವ ಬೆಳಕು 10 ಪಾಲು ಎಂದಿಟ್ಟುಕೊಳ್ಳಿ. ಬಂಡೆ ಮೊಸಳೆಗಿಂತ ಎರಡರಷ್ಟು ಹೊಳಪಾಗಿದೆ. ಮೊಸಳೆಯ ಆಕಾರ ಥಟ್ಟನೆ ಕಾಣುತ್ತದೆ. ಈಗ ಚೆದರಿದ ಬಿಸಿಲಿನ 20 ಪಾಲು ಎರಡಕ್ಕೂ ಸೇರಲಿ. ಬಂಡೆ 40, ಮೊಸಳೆ 30. ಎರಡರಷ್ಟಿದ್ದ ಪ್ರಮಾಣ ಒಂದೂ ಮೂರನೆಯ ಒಂದಕ್ಕೆ ಇಳಿಯಿತು. ಕಣ್ಣಿಗೆ ಬರುವ ಬೆಳಕು ಹೆಚ್ಚಿತು, ಕಾಣುವುದು ಕಡಿಮೆಯಾಯಿತು! ಹೆಚ್ಚು ಬೆಳಕಿದ್ದಷ್ಟೂ ಚೆನ್ನಾಗಿ ಕಾಣುತ್ತದೆಂಬ ನಂಬಿಕೆ ಎಷ್ಟು ಅಪೂರ್ಣವೆಂಬುದು ಇದರಿಂದ ತಿಳಿದೀತು.

ಇದು ಕೇವಲ ನೋಟದ ಸೊಗಸಿನ ಮಾತಲ್ಲ. ಹೆಜ್ಜಾರ್ಲೆಯ ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲಾಗಿರುವ ಚುಕ್ಕೆಗಳು ಮಬ್ಬಿನಲ್ಲಿ ಮೊದಲು ಮಾಯವಾಗುವ ಗುರುತುಗಳು. ಬಣ್ಣದ ಕೊಕ್ಕರೆ ಬೆಳೆದಾಗ ಅದರ ಹಿಂಭಾಗದ ಗರಿಗಳಿಗೆ ಚೆಂದದ ನಸುಗೆಂಪು ಬರುತ್ತದೆ; ಮರಿಗಳ ಮೈ ಮಂಕಾದ ಕಂದು. ಆ ನಸುಗೆಂಪನ್ನು ಬಿಸಿಲಿನ ಪರದೆ ನುಂಗಿಬಿಟ್ಟರೆ ಬೆಳೆದ ಹಕ್ಕಿಯನ್ನು ಮರಿಯೆಂದು ಬರೆದುಕೊಳ್ಳುವ ಸಂಭವ ಉಂಟು. ಈಗ ಜನವರಿ ತಿಂಗಳಲ್ಲಿ ನಡೆಯುವ ನೀರುಹಕ್ಕಿಗಳ ಗಣತಿಯಲ್ಲಿ ವಿದ್ಯಾರ್ಥಿಗಳೂ ಉತ್ಸಾಹದಿಂದ ಭಾಗವಹಿಸುತ್ತಾರೆ. ಅವರು ಬರೆದ ಅಂಕೆಗಳ ಮೇಲೆ ಮುಂದಿನವರು ತೀರ್ಮಾನಗಳನ್ನು ಕಟ್ಟುತ್ತಾರೆ. ತಪ್ಪು ನೋಟದಿಂದ ಹುಟ್ಟಿದ ಅಂಕೆ, ನೋಟವೇ ಇಲ್ಲದ ಖಾಲಿ ಪುಟಕ್ಕಿಂತ ಹೆಚ್ಚು ಕೆಡುಕನ್ನು ಮಾಡಬಲ್ಲದು.

ಲೇಪವಿರುವಾಗ ಬಿಸಿಲುಮರೆ ಏಕೆ ಎಂಬ ವಾದವನ್ನು ಈಗ ಪರಿಶೀಲಿಸೋಣ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮುಖವೂ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಒಂದು ದುರ್ಬೀನಿನಲ್ಲಿ ಇಂಥ 10 ಮುಖಗಳಿದ್ದರೆ ಕೊನೆಗೆ ಕಣ್ಣನ್ನು ಮುಟ್ಟುವುದು ನೂರಕ್ಕೆ 66ರಷ್ಟು ಮಾತ್ರ. 1935ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಕುಲಾ ಎಂಬ ವಿಜ್ಞಾನಿ, ಗಾಜಿನ ಮೇಲೆ ಅತ್ಯಂತ ತೆಳುವಾದ ಲೇಪವನ್ನು ಕೂರಿಸಿ ಈ ಪ್ರತಿಫಲನವನ್ನು ತಗ್ಗಿಸುವ ವಿಧಾನವನ್ನು ರೂಪಿಸಿದನು. ಇಂದಿನ ಬಹುಪದರದ ಲೇಪಗಳು ಪ್ರತಿಫಲನವನ್ನು ನೂರಕ್ಕೆ ಅರ್ಧದಷ್ಟಕ್ಕೂ ಇಳಿಸಬಲ್ಲವು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲೇಪದ ಅಧಿಕಾರ ಗಾಜಿನ ಮುಖದ ಪ್ರತಿಫಲನಕ್ಕೆ ಸೀಮಿತ. ಬೇಸಗೆಯ ಕೆಮ್ಮಣ್ಣಿನ ಧೂಳು, ಆಲೆಮನೆಯ ಹೊಗೆ, ಬೆರಳಿನ ಜಿಡ್ಡು - ಇವು ಲೇಪದ ಮೇಲೆಯೇ ಕೂರುತ್ತವೆ. ಅವುಗಳಿಂದ ಚೆದರುವ ಬೆಳಕಿಗೆ ಯಾವ ಲೇಪವೂ ಮದ್ದಲ್ಲ. ಬಿಸಿಲು ಗಾಜನ್ನು ತಲಪದಂತೆ ಮಾಡುವುದೊಂದೇ ಉಪಾಯ.

ಹಾಗಾದರೆ ಕೊಳವೆ ಎಷ್ಟು ಉದ್ದವಿರಬೇಕು? ಇಲ್ಲಿ ಪ್ರೌಢಶಾಲೆಯ ತ್ರಿಕೋನಮಿತಿ ಸಾಕು. 50 ಮಿಲಿಮೀಟರ್ ವ್ಯಾಸದ ಮಸೂರದ ಮುಂದೆ ಅಷ್ಟೇ ವ್ಯಾಸದ, 100 ಮಿಲಿಮೀಟರ್ ಉದ್ದದ ಕೊಳವೆಯನ್ನು ತೊಡಿಸಿದೆವೆಂದು ಭಾವಿಸೋಣ. ಸೂರ್ಯನು ನೋಟದ ನೇರದಿಂದ ಎಷ್ಟು ಅಂಶ ದೂರದಲ್ಲಿದ್ದರೆ ಗಾಜು ಪೂರ್ತಿಯಾಗಿ ನೆರಳಿನಲ್ಲಿರುತ್ತದೆ? ಆ ಕೋನದ ಟ್ಯಾಂಜೆಂಟ್ ಬೆಲೆ 50ನ್ನು 100ರಿಂದ ಭಾಗಿಸಿದಷ್ಟು, ಅಂದರೆ 0.5, ಕೋನ ಸುಮಾರು 27 ಅಂಶ. ಆದರೆ ಜೋಡಿ ದುರ್ಬೀನಿನ ನೋಟದ ಹರವು ದೊಡ್ಡದು. ಮಧ್ಯದಿಂದ ಒಂದೊಂದು ಕಡೆಗೆ ಸುಮಾರು ಮೂರೂವರೆ ಅಂಶ. ಕೊಳವೆ ಮಸೂರದಷ್ಟೇ ಅಗಲವಿದ್ದರೆ ಅಂಚಿನ ಕಿರಣಗಳು ಕತ್ತರಿಸಿ, ಚಿತ್ರದ ಸುತ್ತ ಮಂಕಾಗುತ್ತದೆ. ಇದನ್ನು ತಪ್ಪಿಸಲು ಸುತ್ತಲೂ 6 ಮಿಲಿಮೀಟರ್ ಬಿಟ್ಟು, ಒಳವ್ಯಾಸವನ್ನು 62 ಮಿಲಿಮೀಟರ್ ಮಾಡಬೇಕು. ಆಗ ಕೋನ 29 ಅಂಶವಾಗುತ್ತದೆ. ಕೋವಿಯ ದೂರದರ್ಶಕದ ಹರವು ಇದಕ್ಕಿಂತ ಬಹಳ ಕಿರಿದಾದ್ದರಿಂದಲೇ ಅದರ ಬಿಸಿಲುಮರೆಯನ್ನು ಹೆಚ್ಚು ಅಗಲಿಸದೆ ಕೊಳವೆಯ ಮುಂದುವರಿಕೆಯಂತೆ ತಿರುಗಿಸಿ ಕೂರಿಸುತ್ತಾರೆ. ಸರಿಯಾದ ಅಳತೆಯ ಬಿಸಿಲುಮರೆ ನಾವು ನೋಡುವ ವಸ್ತುವಿನ ಬೆಳಕನ್ನು ಎಳ್ಳಷ್ಟೂ ಕಸಿಯುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು.

ಈ 29 ಅಂಶವನ್ನು ಗಡಿಯಾರದ ಮಾತಿನಲ್ಲಿ ಹೇಳಬಹುದು. ಮೇಲಿನ ನಾಲ್ಕು ತಾಲ್ಲೂಕುಗಳೂ ಉತ್ತರ ಅಕ್ಷಾಂಶ ಹನ್ನೆರಡೂವರೆ ಅಂಶದ ಆಸುಪಾಸಿನಲ್ಲಿವೆ. ಹಗಲಿರುಳು ಸಮವಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ದಿನಗಳಲ್ಲಿ ಇಲ್ಲಿ ಸೂರ್ಯೋದಯವಾಗಿ ಎರಡು ಗಂಟೆಯಾದಾಗ ಸೂರ್ಯನ ಎತ್ತರ ಹೆಚ್ಚುಕಡಿಮೆ 29 ಅಂಶವೇ ಆಗುತ್ತದೆ. ಎಂದರೆ, ಅಲ್ಲಿಂದಾಚೆಗೆ ಸಂಜೆ ಸೂರ್ಯಾಸ್ತಕ್ಕೆ ಎರಡು ಗಂಟೆ ಉಳಿಯುವವರೆಗೂ, ಸೂರ್ಯನಿರುವ ದಿಕ್ಕಿಗೇ ಮುಖಮಾಡಿ ಮಟ್ಟವಾಗಿ ನೋಡಿದರೂ ಗಾಜಿನ ಮೇಲೆ ಬಿಸಿಲು ಬೀಳದು. ಚಳಿಗಾಲದಲ್ಲಿ ಸೂರ್ಯನು ಅಷ್ಟು ಎತ್ತರಕ್ಕೇರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಕ್ಕಿಗಳು ಚಟುವಟಿಕೆಯಿಂದಿರುವ ಮುಂಜಾನೆಯ ಮೊದಲ ಎರಡು ಗಂಟೆಗಳಲ್ಲಾದರೋ, ಸೂರ್ಯನು ನೋಟದ ನೇರದಿಂದ 29 ಅಂಶಕ್ಕಿಂತ ಹೆಚ್ಚು ಎಡಕ್ಕೋ ಬಲಕ್ಕೋ ಇರುವಂತೆ ನಿಂತರೆ ಸಾಕು.

ಸ್ಥಳದ ಆಯ್ಕೆಯೂ ಬಿಸಿಲುಮರೆಯ ಕೆಲಸವನ್ನು ಹಗುರ ಮಾಡುತ್ತದೆ. ಶ್ರೀರಂಗಪಟ್ಟಣದ ಪೂರ್ವಕ್ಕಿರುವ ಕರಿಘಟ್ಟದ ಮೇಲಿಂದ ಊರಿನತ್ತ ನೋಡುವವರ ಮುಖ ಪಶ್ಚಿಮಕ್ಕಿರುತ್ತದೆ. ಬೆಳಗ್ಗೆ ಹೋದರೆ ಸೂರ್ಯ ಬೆನ್ನಿಗೆ. ಸಂಜೆ ಹೋದರೆ ಕಣ್ಣಿಗೆ. ಹೇಮಾವತಿಯ ಹಿನ್ನೀರಿನ ದಡದಲ್ಲಿ ಬೆಳಕು ಮೇಲಿನಿಂದ ಮಾತ್ರವಲ್ಲ, ನೀರಿನಿಂದ ಪುಟಿದು ಕೆಳಗಿನಿಂದಲೂ ಬರುತ್ತದೆ. ಆದ್ದರಿಂದ ಟೋಪಿಯ ಅಂಚಿನಂತೆ ಮೇಲೊಂದು ಹಾಳೆಯನ್ನು ಚಾಚಿದರೆ ಸಾಲದು; ಸುತ್ತಲೂ ಮುಚ್ಚಿದ ಕೊಳವೆಯೇ ಬೇಕು. ಆದಿಚುಂಚನಗಿರಿಯ ನವಿಲಿನ ಕತ್ತಿನ ನೀಲಿಯೂ ಅಷ್ಟೆ: ಬೆಳಕಿನ ಪರದೆ ಬಿದ್ದಾಗ ಅದು ಬೂದಿಯ ಬಣ್ಣಕ್ಕೆ ತಿರುಗುತ್ತದೆ.

ಈ ಪ್ರಶ್ನೆಯನ್ನು ನಮಗಿಂತ ಬಹಳ ಮುಂಚೆ ಎದುರಿಸಿ, ಇತ್ಯರ್ಥ ಮಾಡಿಕೊಂಡವರು ಭೂಮಾಪಕರು. ಅವರ ಚರಿತ್ರೆಗೂ ಶ್ರೀರಂಗಪಟ್ಟಣಕ್ಕೂ ನಂಟಿದೆ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಒಂದು ರಾತ್ರಿ ನಕ್ಷತ್ರಗಳನ್ನು ನೋಡಿ, ತನ್ನ ದಳ ಉತ್ತರಕ್ಕೆ ಹೋಗುವ ಬದಲು ಶತ್ರುವಿನ ಕಡೆ ದಕ್ಷಿಣಕ್ಕೆ ನಡೆಯುತ್ತಿದೆಯೆಂದು ಎಚ್ಚರಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ಅದೇ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು; 1802ರಲ್ಲಿ ಮದರಾಸಿನಿಂದ ಭಾರತದ ಮಹಾ ತ್ರಿಕೋನಮಾಪನವನ್ನು ಆರಂಭಿಸಿದನು. ಅವನ ದೊಡ್ಡ ಥಿಯೊಡೊಲೈಟ್ ಉಪಕರಣದ ತೂಕ ಸುಮಾರು ಅರ್ಧ ಟನ್. ಭೂಮಾಪನದ ಇಂಥ ಉಪಕರಣಗಳಿಗೆ ಬಿಸಿಲು ಎರಡು ಬಗೆಯ ಶತ್ರು: ಮಸೂರಕ್ಕೆ ತಗಲಿ ನೋಟವನ್ನು ಮಬ್ಬಾಗಿಸುತ್ತದೆ, ಲೋಹದ ಒಂದು ಪಕ್ಕವನ್ನು ಮಾತ್ರ ಕಾಯಿಸಿ ಅಳತೆಯನ್ನೇ ಕೆಡಿಸುತ್ತದೆ. ಆದ್ದರಿಂದಲೇ ಭೂಮಾಪಕರು ಉಪಕರಣಕ್ಕೆ ಕೊಡೆ ಹಿಡಿಸುವುದನ್ನೂ ಮಸೂರಕ್ಕೆ ಬಿಸಿಲುಮರೆ ತೊಡಿಸುವುದನ್ನೂ ರೂಢಿ ಮಾಡಿಕೊಂಡರು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಯಿತು. ಆ ಕಟ್ಟೆಯ ನೀರು ಇಂದು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಗದ್ದೆಗಳನ್ನು ತಲಪಬೇಕಾದರೆ, ನಾಲೆಯ ಇಳಿಜಾರು ಮೈಲಿಗಟ್ಟಲೆ ದೂರ ತಪ್ಪದೆ ಇರಬೇಕು. ಅಂಥ ಇಳಿಜಾರನ್ನು ನೆಲದ ಮೇಲೆ ಗುರುತಿಸುವುದು ಮಟ್ಟ ನೋಡುವ ದುರ್ಬೀನು. ಅದರ ಪೆಟ್ಟಿಗೆಯಲ್ಲಿ ಬಿಸಿಲುಮರೆಯೂ ಸೇರಿಯೇ ಬರುವುದು ವಾಡಿಕೆ. ಬಿಸಿಲಿರಲಿ ಮೋಡವಿರಲಿ, ಅದನ್ನು ತೊಡಿಸಿಯೇ ಇಡಬೇಕೆಂದು ಭೂಮಾಪನದ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಏಕೆಂದರೆ ಕೆಲಸದ ನಡುವೆ ತೊಡಿಸಿ ತೆಗೆದು ಮಾಡಿದರೆ ಉಪಕರಣ ಅಲುಗಿ ಅಳತೆ ತಪ್ಪುತ್ತದೆ. ಅವರ ಪಾಲಿಗೆ ಅದು ಉಪಕರಣದ ಅಂಗವೇ ಹೊರತು ಮೇಲಿನ ಒಡವೆಯಲ್ಲ. ಈ ಮನೋಭಾವ ಉಳಿದ ದುರ್ಬೀನುಗಳ ಬಳಕೆಗೂ ಬರಬೇಕೆಂಬುದೇ ನಮ್ಮ ವಾದದ ತಿರುಳು.

ಎದುರು ಪಕ್ಷದವರು ಹೇಳುವುದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಕೊಳವೆ ಉದ್ದವಾದಷ್ಟೂ ಗಾಳಿಗೆ ಸಿಕ್ಕುತ್ತದೆ. ಕೈಯಲ್ಲಿ ಹಿಡಿದ ದುರ್ಬೀನಿನ ನಡುಕ ಹೆಚ್ಚುತ್ತದೆ. ದಟ್ಟವಾದ ಮರದ ನೆರಳಿನಲ್ಲಿ ನಿಂತವರಿಗೆ ಮರವೇ ದೊಡ್ಡ ಬಿಸಿಲುಮರೆ. ಮೋಡ ಕವಿದ ದಿನ ಅದರಿಂದ ದೊರೆಯುವ ಲಾಭ ಅಲ್ಪ. ನಡುಹಗಲಿನಲ್ಲಿ ಕಾದ ನೆಲದ ಮೇಲೆ ಬಿಸಿಲುಗುದುರೆ ಕುಣಿಯುವಾಗ ಚಿತ್ರ ನಡುಗುವುದು ಗಾಳಿಯ ದೋಷದಿಂದ. ಅದನ್ನು ಯಾವ ಕೊಳವೆಯೂ ನಿಲ್ಲಿಸದು. ಆದರೆ ಇವೆಲ್ಲ ಬಿಸಿಲುಮರೆಯನ್ನು ಯಾವಾಗ ಬಳಸಬೇಕೆಂಬುದನ್ನು ತಿಳಿಸುತ್ತವೆಯೇ ಹೊರತು, ಅದು ಬೇಡವೆಂದು ಸಾಧಿಸುವುದಿಲ್ಲ. ತೀರ್ಮಾನಕ್ಕೆ ಒಂದು ಸುಲಭವಾದ ಪರೀಕ್ಷೆಯಿದೆ. ದುರ್ಬೀನನ್ನು ನೋಡಬೇಕಾದ ಕಡೆಗೆ ತಿರುಗಿಸಿ ಹಿಡಿದು, ಮುಂದಿನ ಗಾಜನ್ನು ಪಕ್ಕದಿಂದ ನೋಡಿ. ಅದರ ಮೇಲೆ ಬಿಸಿಲು ಬಿದ್ದಿದೆಯೆ? ಬಿದ್ದಿದ್ದರೆ ಬಿಸಿಲುಮರೆ ಬೇಕು. ಇಲ್ಲವಾದರೆ ಆ ಹೊತ್ತಿಗೆ ಬೇಡ. ಗೆಳೆಯನೊಬ್ಬ ಮಸೂರದ ಮೇಲೆ ತನ್ನ ಅಂಗೈಯ ನೆರಳು ಬೀಳುವಂತೆ ಹಿಡಿದು ತೆಗೆಯುತ್ತಿರಲಿ, ನೀವು ನೋಡುತ್ತಿರಿ. ಯಾವ ವಾದವೂ ಒಪ್ಪಿಸಲಾರದ್ದನ್ನು ಈ ಒಂದು ನಿಮಿಷದ ಪ್ರಯೋಗ ಒಪ್ಪಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬಿಸಿಲುಮರೆ ಎಂಬ ಹೆಸರನ್ನು ನಂಬಿ ಸೂರ್ಯನ ಕಡೆಗೆ ದುರ್ಬೀನನ್ನು ತಿರುಗಿಸಬಾರದು. ಈ ಕೊಳವೆ ಓರೆಯ ಕಿರಣಗಳನ್ನು ತಡೆಯುತ್ತದೆ. ಎದುರಿನಿಂದ ಬರುವ ಕಿರಣಗಳಿಗೆ ಹೆಬ್ಬಾಗಿಲನ್ನೇ ತೆರೆದಿಡುತ್ತದೆ. ಭೂತಕನ್ನಡಿ ಕಾಗದವನ್ನು ಸುಡುವಂತೆಯೇ ದುರ್ಬೀನಿನ ಮಸೂರ ಸೂರ್ಯನ ಶಾಖವನ್ನು ಒಟ್ಟುಗೂಡಿಸಿ, ಕಣ್ಣಿನ ಒಳಪದರವನ್ನು ಕ್ಷಣಮಾತ್ರದಲ್ಲಿ ಸುಡಬಲ್ಲದು. ಅಲ್ಲಿ ನೋವಿನ ಸೂಚನೆಯೂ ಇರುವುದಿಲ್ಲ. 2019ರ ಡಿಸೆಂಬರ್ 26ರಂದು ಕಂಕಣಗ್ರಹಣದ ಪಥ ಕಾಸರಗೋಡು, ಮಂಗಳೂರುಗಳ ಮೇಲೆ ಹಾದುಹೋದಾಗ ಮಂಡ್ಯ ಜಿಲ್ಲೆಯಲ್ಲಿಯೂ ಸೂರ್ಯಬಿಂಬದ ಬಹುಭಾಗ ಮರೆಯಾಗಿತ್ತು. ಉಳಿದ ಆ ತೆಳು ತುಣುಕು ಕೂಡ ಬರಿಗಣ್ಣಿಗೆ ಅಪಾಯಕರ, ದುರ್ಬೀನಿಗಂತೂ ಹೇಳಬೇಕಾದ್ದಿಲ್ಲ. ಗ್ರಹಣ ನೋಡಲು ಮಸೂರದ ಮುಂದೆ ಕೂರಿಸುವ ಸೌರಶೋಧಕ ಬೇರೆಯೇ ವಸ್ತು. ಬಿಸಿಲುಮರೆ ಅದರ ಸ್ಥಾನವನ್ನು ಎಂದಿಗೂ ತುಂಬಲಾರದು.

ಮಾಡುವ ವಿಧಾನ ಕಷ್ಟವಲ್ಲ. ಗಟ್ಟಿಯಾದ ರಟ್ಟನ್ನು ಮೇಲೆ ಹೇಳಿದ ಅಳತೆಗೆ ಸುತ್ತಿ ಅಂಟಿಸಿ, ಮಸೂರದ ಹೊರಚೌಕಟ್ಟಿನ ಮೇಲೆ ಬಿಗಿಯಾಗಿ ಕೂರುವಂತೆ ಒಂದು ತುದಿಗೆ ದಪ್ಪ ಬಟ್ಟೆಯ ಪಟ್ಟಿಯನ್ನು ಸುತ್ತಬೇಕು. ರಟ್ಟು ಗಾಜನ್ನು ಮುಟ್ಟಬಾರದು. ಒಳಮೈ ಕರಿಯದಾಗಿದ್ದರೆ ಸಾಲದು, ಹೊಳೆಯದಂತೆಯೂ ಇರಬೇಕು. ನುಣುಪಾದ ಕರಿಬಣ್ಣ ಓರೆಯಾಗಿ ಬಂದ ಬಿಸಿಲನ್ನು ಕನ್ನಡಿಯಂತೆ ಮುಂದಕ್ಕೆ ದಾಟಿಸುತ್ತದೆ. ಅಂಟಿನ ಮೇಲೆ ಮರದ ಹೊಟ್ಟನ್ನು ಉದುರಿಸಿ, ಒಣಗಿದ ಮೇಲೆ ಹೊಳಪಿಲ್ಲದ ಕರಿಬಣ್ಣವನ್ನು ಬಳಿಯಬಹುದು. ಇಲ್ಲವೆ ಕರಿಯ ಮಖಮಲ್ಲಿನ ತುಂಡನ್ನು ಅಂಟಿಸಬಹುದು.

ಶಾಲೆಯ ಆಕಾಶವೀಕ್ಷಣೆಯ ದೂರದರ್ಶಕಕ್ಕೆ ಇದೇ ಕೊಳವೆ ರಾತ್ರಿಯೂ ಸೇವೆ ಸಲ್ಲಿಸುತ್ತದೆ. ಮಾಗಿಯ ರಾತ್ರಿಗಳಲ್ಲಿ ಕಬ್ಬಿನ ಗದ್ದೆ, ನಾಲೆ, ಕೆರೆಗಳ ನಡುವಿನ ಊರುಗಳಲ್ಲಿ ಇಬ್ಬನಿ ಹೇರಳ. ತೆರೆದ ಮಸೂರ ತನ್ನ ಶಾಖವನ್ನು ಬಾನಿಗೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕೊಳವೆಯಿದ್ದರೆ ಮಸೂರಕ್ಕೆ ಕಾಣುವ ಬಾನಿನ ಭಾಗ ಕಿರಿದಾಗಿ, ಅದು ತಣಿಯುವುದು ನಿಧಾನವಾಗುತ್ತದೆ. ಬೀದಿದೀಪದ ಬೆಳಕನ್ನೂ ಅದು ದೂರವಿಡುತ್ತದೆ. ಹಗಲಿನ ಬಿಸಿಲುಮರೆ ಇರುಳಿನ ಇಬ್ಬನಿಮರೆಯೂ ಆಗುವುದು ಹೀಗೆ.

ಆದ್ದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ. ಶಾಲಾಕಾಲೇಜುಗಳು ದುರ್ಬೀನನ್ನು ಕೊಳ್ಳುವಾಗ ಬಿಸಿಲುಮರೆಯನ್ನು ಅದರ ಭಾಗವೆಂದೇ ಎಣಿಸಬೇಕು. ಅದಿಲ್ಲದೆ ಬಂದಿದ್ದರೆ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕು. ನೋಟ ಮಬ್ಬಾಗಿದೆಯೆಂದು ಹೆಚ್ಚು ಬೆಲೆಯ, ಹೆಚ್ಚು ವರ್ಧನೆಯ ಉಪಕರಣಕ್ಕೆ ಹಣ ಬೇಡುವ ಮುನ್ನ ಇರುವ ಉಪಕರಣಕ್ಕೆ ನೆರಳು ಕೊಟ್ಟು ನೋಡಬೇಕು. ವರ್ಧನೆ ಹೆಚ್ಚಿದರೆ ಮಬ್ಬು ತೊಲಗುವುದಿಲ್ಲ. ದೊಡ್ಡದಾದ ಮಬ್ಬು ಕಾಣುತ್ತದೆ. ಬರುವ ಚಳಿಗಾಲದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ವಿದ್ಯಾರ್ಥಿಮಿತ್ರರು ಕೆರೆಯ ಏರಿಗೋ ಬೆಟ್ಟದ ನೆತ್ತಿಗೋ ದುರ್ಬೀನಿನೊಡನೆ ಹೊರಡುವಾಗ ಚೀಲದಲ್ಲಿ ಒಂದು ರಟ್ಟಿನ ಕೊಳವೆಯೂ ಇರಲಿ. ಅದಿದ್ದಾಗ ಕಂಡದ್ದನ್ನೂ ಅದಿಲ್ಲದಾಗ ಕಂಡದ್ದನ್ನೂ ಒಂದೇ ಪುಟದಲ್ಲಿ ಎದುರುಬದುರಾಗಿ ಬರೆದಿಟ್ಟುಕೊಂಡರೆ, ಈ ಲೇಖನದಲ್ಲಿ ನಾವು ಹೇಳಿದ್ದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಅವರೇ ತೀರ್ಮಾನಿಸಬಲ್ಲರು.